ಕರಾವಳಿ ನೋಡೋದಾದ್ರೆ ಹೊಳೆ ಹಿಡಿದು ಹೋಗಿ

ದಸರಾ ರಜೆ ಹತ್ತಿರ ಬಂದರೆ ಸಾಕು, ಬೆಂಗಳೂರಿನ ಸ್ನೇಹಿತರ ಫೋನ್ ಶುರು. "ಕರಾವಳಿ ಟ್ರಿಪ್ ಹಾಕಿದೀವಿ, ಏನೇನು ನೋಡ್ಬಹುದು ಹೇಳಿ." ಪ್ಲ್ಯಾನ್ ಮಾತ್ರ ಮೊದಲೇ ಆಗಿರುತ್ತದೆ. ಮಂಗಳೂರಿನಿಂದ ಕಾರವಾರದವರೆಗೆ ಹೆದ್ದಾರಿ 66. ಉಡುಪಿ, ಮುರ್ಡೇಶ್ವರ, ಗೋಕರ್ಣ, ನಡುವೆ ಸಿಕ್ಕಿದ ಬೀಚುಗಳು. ತಪ್ಪೇನಿಲ್ಲ. ಆದರೆ ಈ ಊರುಗಳು ಇಲ್ಲಿ ಯಾಕೆ ಬೆಳೆದವು ಅಂತ ಗೊತ್ತಾಗಬೇಕಾದರೆ ಹೆದ್ದಾರಿ ಬಿಟ್ಟು ಹೊಳೆಗುಂಟ ಮೇಲೆ ಹೋಗಬೇಕು.

ಶರಾವತಿಯನ್ನೇ ನೋಡಿ. ಅದು ಸಮುದ್ರ ಸೇರುವ ಹೊನ್ನಾವರ ಹಳೆಯ ಬಂದರು. 14ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಊರಲ್ಲಿ ಹೆಣ್ಣುಮಕ್ಕಳಿಗೇ 13 ಶಾಲೆ ಇದ್ದವು ಅಂತ ಬರೆದಿದ್ದಾನೆ. ನಮ್ಮಲ್ಲಿ ಎಷ್ಟು ಜನ ಇದನ್ನು ಕೇಳಿದ್ದಾರೋ! ಅಲ್ಲಿಂದ ಜೋಗದ ರಸ್ತೆ ಹಿಡಿದರೆ ಗೇರುಸೊಪ್ಪೆ. ಹೊಳೆಯ ಆಚೆ ಕಾಡಿನ ನಡುವೆ ನಗರಬಸ್ತಿಕೇರಿ ಇದೆ. ಅಲ್ಲಿನ ಚತುರ್ಮುಖ ಬಸದಿಯಲ್ಲಿ ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಕಡೆಯಿಂದ ಒಳಗೆ ಹೋದರೂ ಎದುರಿಗೆ ಒಬ್ಬ ತೀರ್ಥಂಕರ. ಇದು ಒಂದು ಕಾಲದಲ್ಲಿ ರಾಜಧಾನಿ. 16ನೇ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿ ಐದು ದಶಕಕ್ಕೂ ಜಾಸ್ತಿ ಕಾಲ ಆಳಿದ ನಾಡು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತಲೇ ಕರೆದರು. ಘಟ್ಟದ ಮೆಣಸು ಹೊಳೆಯಲ್ಲಿ ಇಳಿದು ಹಡಗು ಹತ್ತುತ್ತಿತ್ತು. ದುಡ್ಡು ಅದೇ ದಾರಿಯಲ್ಲಿ ವಾಪಸು ಬರುತ್ತಿತ್ತು. ಕೊನೆಗೆ ಕೆಳದಿ ಅರಸರ ಕೈಯಲ್ಲಿ ಸೋತಳು. ಪೇಟೆ ಹೋಯಿತು, ಬಸದಿ ಉಳಿಯಿತು.

ಅದೇ ಕಣಿವೆಯ ಕಾಡಿನಲ್ಲಿ ಸಿಂಗಳೀಕಗಳಿವೆ. ಅವಕ್ಕೆಂದೇ ಸರ್ಕಾರ ಅಭಯಾರಣ್ಯ ಮಾಡಿದೆ. ಅಲ್ಲೇ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನೂ (ನೀರನ್ನು ಮೇಲಕ್ಕೆ ಪಂಪ್ ಮಾಡಿ, ಬೇಕಾದಾಗ ಇಳಿಸಿ ಕರೆಂಟು ತೆಗೆಯುವುದು) ತರಹೊರಟಿದೆ. ಈ ಯೋಜನೆ ಬೇಡ ಅಂತ ಗಲಾಟೆ ಎದ್ದಾಗ ಕರಾವಳಿಗೆ ವರ್ಷವರ್ಷ ಬರುವವರು ಯಾರೂ ಬಾಯಿ ಬಿಡುವುದಿಲ್ಲ. ಹೇಗೆ ಬಿಡುತ್ತಾರೆ? ಅವರು ಆ ಕಣಿವೆ ನೋಡೇ ಇಲ್ಲ. ನನ್ನ ಸಿಟ್ಟು ಇರುವುದು ಇದಕ್ಕೆ.

ಅಘನಾಶಿನಿಗೆ ಅಣೆಕಟ್ಟೇ ಇಲ್ಲ. 2024ರಲ್ಲಿ ಅದರ ಅಳಿವೆಗೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ದಡದ ಗಜನಿ ಗದ್ದೆಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಆ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಹತ್ತಿರದ ಮಿರ್ಜಾನ್ ಕೋಟೆಗೆ ಮಳೆಗಾಲದಲ್ಲಿ ಹೋಗಬೇಕು, ಚಿರೆಕಲ್ಲಿನ ಗೋಡೆಗಳೆಲ್ಲ ಪಾಚಿ ಹಿಡಿದು ಹಸಿರು. ಮದುವೆ ಫೋಟೋದವರು ಜಾಗ ಬಿಟ್ಟುಕೊಟ್ಟರೆ ಕಂದಕ, ಬಾವಿಗಳನ್ನೂ ನೋಡಿ ಬನ್ನಿ.

ಕಾಳಿಯದು ಇನ್ನೊಂದು ತಮಾಷೆ. ದಾಂಡೇಲಿಯಲ್ಲಿ ರಾಫ್ಟಿಂಗ್ ಮಾಡುವವರು ಬೇರೆ, ಕಾರವಾರ ಬೀಚಿಗೆ ಬರುವವರು ಬೇರೆ. ಎರಡೂ ಒಂದೇ ಹೊಳೆ. ನಡುವೆ ಅಣಶಿ ರಾಷ್ಟ್ರೀಯ ಉದ್ಯಾನ, ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗ. ಕಡಲ ಬಾಯಲ್ಲಿ ಸದಾಶಿವಗಡದ ಗುಡ್ಡ. ಹುಲಿ ಕಾಣಲಿಲ್ಲ ಅಂತ ಬೈಯುತ್ತಾ ಬರುವವರಿಗೆ ಒಂದು ಮಾತು: ಇದು ಬಂಡೀಪುರದ ಹಾಗೆ ಬಯಲು ಕಾಡಲ್ಲ, ಹತ್ತು ಮಾರು ದೂರದಲ್ಲಿ ನಿಂತ ಪ್ರಾಣಿಯೂ ಕಾಣದಷ್ಟು ದಟ್ಟ. ಕಿವಿ ತೆರೆದಿಟ್ಟುಕೊಂಡು ಹೋಗಿ.

ದಕ್ಷಿಣದ ಕಡೆ ಹೋಗುವವರಿಗೆ ಕಾರ್ಕಳ ಇದೆ. 1432ರ 42 ಅಡಿ ಗೊಮ್ಮಟನನ್ನು ನೋಡಿ ಮಾಳ ಘಾಟಿ ಹತ್ತಿದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಇಲ್ಲೂ ಅದೇ ಕಥೆ, ಸರಕು ಮಾತ್ರ ಬೇರೆ. ಕಬ್ಬಿಣದ ಅದಿರನ್ನು ಪೈಪಿನಲ್ಲಿ ಮಂಗಳೂರಿನ ಬಂದರಿಗೆ ಇಳಿಸುತ್ತಿದ್ದರು. ಜನ ಹೋರಾಡಿದರು, ಸುಪ್ರೀಂ ಕೋರ್ಟ್ ಹೇಳಿತು, 2005ರ ಕೊನೆಗೆ ಗಣಿ ನಿಂತಿತು. ಶರಾವತಿ ವಿಷಯದಲ್ಲಿ "ಹೋರಾಡಿ ಏನಾಗುತ್ತೆ" ಅನ್ನುವವರು ಒಮ್ಮೆ ಈ ಕಡೆ ಬಂದು ಹೋಗಬೇಕು.

ಎರಡೇ ದಿನ ರಜೆ ಇದ್ದರೆ ಎಲ್ಲ ಸುತ್ತುವ ಆಸೆ ಬೇಡ, ಒಂದು ಹೊಳೆ ಸಾಕು. ಶರಾವತಿಯಿಂದ ಶುರು ಮಾಡಿ. ಊಟ ಮಾತ್ರ ಹೊನ್ನಾವರದಲ್ಲೇ ಮುಗಿಸಿಕೊಂಡು ಹೊರಡಿ.