ಗೇಣುದ್ದಕ್ಕಿಂತ ಚಿಕ್ಕದನ್ನು ನೀರಿಗೇ ಬಿಡೋಣ

ಕಳೆದ ಡಿಸೆಂಬರಿನಲ್ಲಿ ಊರಿಗೆ ಬಂದಾಗ ಒಂದು ರಾತ್ರಿ ಪೂರ್ತಿ ಉಡುಪಿಯ ಸ್ವರ್ಣಾ ನದಿಯ ಮೇಲೆ ಕಳೆದೆ. ಸಂಜೆ ಕೆಮ್ಮಣ್ಣಿನ ತೂಗುಸೇತುವೆಯ ಹತ್ತಿರ ದೋಣಿ ಹತ್ತಿದೆವು. ಕುದ್ರುಗಳ, ಅಂದರೆ ಹೊಳೆಯ ನಡುಗಡ್ಡೆಗಳ, ನಡುವೆ ಗಾಳ ಹಾಕುತ್ತಾ, ನೀರು ಒಯ್ದ ಕಡೆ ಹೋಗುತ್ತಾ, ಬೆಳಕು ಹರಿಯುವಾಗ ಕೋಡಿಬೆಂಗ್ರೆಯಲ್ಲಿದ್ದೆವು. ನಾವು ನಾಲ್ಕು ಜನ, ಹೈಸ್ಕೂಲಿನಿಂದ ಜೊತೆಗಿದ್ದವರು. ದೋಣಿ ನಡೆಸಿದವರು ಎಪ್ಪತ್ತು ದಾಟಿದ ಹಿರಿಯರು. ನಾವೆಲ್ಲ ಅವರನ್ನು ಅಜ್ಜ ಅಂತಲೇ ಕರೆಯೋದು.

ಅದಕ್ಕೂ ಮೂರು ತಿಂಗಳ ಮೊದಲು ಇಂಥದ್ದೇ ಇನ್ನೊಂದು ರಾತ್ರಿ ಕಳೆದಿದ್ದೆ. ಅದು ನಾನು ಹದಿನಾಲ್ಕು ವರ್ಷದಿಂದ ಇರುವ ಅಮೆರಿಕದ ಮಿಸ್ಸೌರಿ ರಾಜ್ಯದ ಕರೆಂಟ್ ನದಿಯಲ್ಲಿ. ಅಲ್ಲಿನವರು ಇದಕ್ಕೆ ಫ್ಲೋಟ್ ಟ್ರಿಪ್ ಅಂತಾರೆ. ಬಾಡಿಗೆಗೆ ಕ್ಯಾನೋ ಕೊಡುವವರೇ ನಮ್ಮನ್ನೂ ಸಾಮಾನನ್ನೂ ಹೊಳೆಯ ಮೇಲ್ಗಡೆ ಬಿಟ್ಟು ಬರ್ತಾರೆ. ಗಾಳ ಹಾಕುತ್ತಾ ಕೆಳಗೆ ತೇಲಿ ಬರೋದು ನಮ್ಮ ಕೆಲಸ. ರಾತ್ರಿ ಜಲ್ಲಿಕಲ್ಲಿನ ದಂಡೆಯ ಮೇಲೆ ಟೆಂಟು. ನಾವು ಏಕರ್ಸ್‌ನಿಂದ ರೌಂಡ್ ಸ್ಪ್ರಿಂಗ್‌ಗೆ ಬಂದೆವು. ಸುಮಾರು 18 ಮೈಲಿ, ಆರಾಮದಲ್ಲಿ ಎರಡು ದಿನ.

ಈ ಎರಡು ರಾತ್ರಿಗಳು ನನ್ನ ತಲೆಯಿಂದ ಹೋಗ್ತಾ ಇಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ಮಾತು ಹೇಳಲೇಬೇಕು ಅನ್ನಿಸಿದೆ.

ಮೊದಲು ನಮ್ಮ ಹೊಳೆಯ ಮಾತು. ಕರೆಂಟ್ ನದಿಗೆ ಇರೋದು ಒಂದೇ ದಾರಿ, ಕೆಳಗೆ. ನೆಲದೊಳಗಿನ ಒರತೆಗಳಿಂದ ಬರುವ ನೀರು, ಬೇಸಿಗೆಯಲ್ಲೂ ತಣ್ಣಗೆ, ತಳದ ಕಲ್ಲು ಎಣಿಸುವಷ್ಟು ತಿಳಿ. ನಕ್ಷೆ ಇದ್ದರೆ ಯಾರು ಬೇಕಾದರೂ ಹೋಗಬಹುದು. ಸ್ವರ್ಣೆ ಹಾಗಲ್ಲ. ಕೆಮ್ಮಣ್ಣಿನಿಂದ ಆಚೆ ಅದು ಸಮುದ್ರದ ಮಗ್ಗುಲಲ್ಲೇ ಉತ್ತರಕ್ಕೆ ಹರಿದು, ಕೋಡಿಬೆಂಗ್ರೆಯಲ್ಲಿ ಸೀತಾ ನದಿಯನ್ನು ಕೂಡಿಕೊಂಡು ಕಡಲು ಸೇರುತ್ತದೆ. ದಿನಕ್ಕೆ ಎರಡು ಸಲ ಕಡಲೇ ಹೊಳೆಯೊಳಗೆ ಬರುತ್ತದೆ, ಎರಡು ಸಲ ವಾಪಸು ಹೋಗುತ್ತದೆ. ದೋಣಿ ಬಿಡುವವನಿಗೆ ಅದು ಗೊತ್ತಿರಬೇಕು.

ಅಜ್ಜನ ಕೈಯಲ್ಲಿ ವಾಚಿಲ್ಲ. ಅವತ್ತು ಹುಣ್ಣಿಮೆ ಕಳೆದು ನಾಲ್ಕು ದಿನ. ದೋಣಿ ಹತ್ತುವ ಮೊದಲೇ ಅವರು ಲೆಕ್ಕ ಹೇಳಿದರು. ‘ಎಂಟೂವರೆಗೆ ಇಳಿತ ನಿಲ್ತದೆ. ಮತ್ತೆ ಏರ್ಲಿಕ್ಕೆ ಶುರು. ಮೂರು ಗಂಟೆ ತನಕ ಎಲ್ಲಿಗೂ ಹೋಗುವುದು ಬೇಡ, ಮರಳು ದಿಬ್ಬದಲ್ಲಿ ಕೂರುವ. ಮತ್ತೆ ಹೊಳೆಯೇ ನಮ್ಮನ್ನು ಬೆಂಗ್ರೆಗೆ ಮುಟ್ಟಿಸ್ತದೆ.’ ಹಾಗೇ ಆಯಿತು. ಮೂರು ಗಂಟೆಗೆ ಹತ್ತು ನಿಮಿಷ ಇರುವಾಗ ದೋಣಿಯ ಮೂತಿ ತಾನಾಗಿ ತಿರುಗಿತು. ಹುಟ್ಟು ಮುಟ್ಟದೆ ಎರಡು ಗಂಟೆ ತೇಲಿದೆವು. ಎಲ್ಲೋ ದೂರದ ಬಯಲಿನಿಂದ ಚೆಂಡೆಯ ಸದ್ದು ನೀರಿನ ಮೇಲೆ ಬರ್ತಾ ಇತ್ತು. ಯಕ್ಷಗಾನದ ಆಟ ಬೆಳಗಿನ ಜಾವದ ಯುದ್ಧಕ್ಕೆ ಬಂದಿರಬೇಕು.

ಅಜ್ಜನ ಗಾಳದ ಬೆಂಡನ್ನು ನೋಡಬೇಕು ನೀವು. ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯನ್ನು ಬೆರಳಿನ ದಪ್ಪಕ್ಕೆ ಕತ್ತರಿಸಿ, ನಡುವೆ ಬಿಸಿ ಸೂಜಿಯಿಂದ ತೂತು ಮಾಡಿ, ತಂಗೂಸಿ ದಾರ ಪೋಣಿಸಿದ್ದರು. ಕೆಳಗೆ ಕಡಲೆಕಾಳಿನಷ್ಟು ಸೀಸ, ಅದರ ಕೆಳಗೆ ಕೊಕ್ಕೆ, ಕೊಕ್ಕೆಗೆ ಸಿಪ್ಪೆ ಸುಲಿಯದ ಸಣ್ಣ ಸಿಗಡಿ. ಕತ್ತಲಾದ ಮೇಲೆ ಬೆಂಡು ಕಾಣುವುದಿಲ್ಲ, ಆಗ ದಾರವನ್ನು ತೋರುಬೆರಳಿನ ಮೇಲೆ ಹಾಕಿಕೊಂಡು ಕೂರ್ತಾರೆ. ‘ಏಡಿ ಎಳೆದರೆ ಗೊತ್ತಾಗ್ತದೆ, ಅದು ಕೆರೆದ ಹಾಗೆ. ಕಾಣೆ ಕುಟ್ಟುತ್ತದೆ. ಕೆಂಬೇರಿ ಕೇಳುವುದೇ ಇಲ್ಲ, ಕೊಂಡೇ ಹೋಗ್ತದೆ.’ ಕಾಣೆ, ಕೆಂಬೇರಿ ಎರಡೂ ಮೀನಿನ ಹೆಸರು. ಮಿಸ್ಸೌರಿಯಲ್ಲಿ ನನ್ನ ಹತ್ತಿರ ನೂರೈವತ್ತು ಡಾಲರಿನ ರಾಡು ಇದೆ. ಈ ಮೂರು ವ್ಯತ್ಯಾಸ ಅದು ನನಗೆ ಇವತ್ತಿನ ತನಕ ಹೇಳಿಕೊಟ್ಟಿಲ್ಲ.

ಹೀಗೆ ನೀರು ಗೊತ್ತಿರುವ ಜನ ನಮ್ಮಲ್ಲಿದ್ದಾರೆ. ಹಾಗಿರುವಾಗ ದಿಬ್ಬದ ಮೇಲೆ ನಡೆದದ್ದು ನನಗೆ ಬೇಸರ ತಂದಿತು.

ಕತ್ತಲಾಗುವ ಮೊದಲು ಕಾಣೆ ಒಳ್ಳೆ ಕುಟ್ಟಿತು. ಒಂದು ಗಂಟೆಯಲ್ಲಿ ಹದಿನೆಂಟು ಮೀನು. ಅದರಲ್ಲಿ ಹನ್ನೊಂದು ನನ್ನ ನಡುಬೆರಳಿಗಿಂತ ಸ್ವಲ್ಪ ಉದ್ದ ಅಷ್ಟೇ. ಒಂದನ್ನು ಅಂಗೈಯಲ್ಲಿ ಹಿಡಿದು ನೋಡಿದೆ. ಟಾರ್ಚಿನ ಬೆಳಕಿಗೆ ಮೈ ಗಾಜಿನ ಹಾಗಿತ್ತು, ಬೆನ್ನಿನ ಹತ್ತಿರ ಮುಳ್ಳಿನ ಸಾಲು ನೆರಳಿನಂತೆ ಕಾಣ್ತಿತ್ತು. ಮೂತಿಯಲ್ಲಿ ಇನ್ನೂ ಮರಳು ಅಂಟಿತ್ತು. ಅದು ಮರಿ. ನಾನು ನೀರಿಗೆ ಬಿಡಲು ಬಗ್ಗಿದೆ. ಗೆಳೆಯ ಕೈ ಹಿಡಿದ. ‘ಎಂತ ಮಾರಾಯ, ಸಿಕ್ಕಿದ್ದನ್ನು ಬಿಡುವುದಾ? ಕರುಂಕುರುಂ ಆಗ್ತದೆ, ಮುಳ್ಳು ಸಮೇತ ತಿನ್ಬಹುದು.’ ಹನ್ನೊಂದೂ ಬಕೆಟ್ಟಿಗೆ ಹೋದವು.

ಮಿಸ್ಸೌರಿಯಲ್ಲಿ ಇದು ಆಗುವುದಿಲ್ಲ. ಅಲ್ಲಿನ ಹೊಳೆಗಳಲ್ಲಿ ಎಲ್ಲರೂ ಬಯಸುವ ಮೀನು ಸ್ಮಾಲ್‌ಮೌತ್ ಬಾಸ್. ಹೆಚ್ಚಿನ ಹೊಳೆಗಳಲ್ಲಿ 12 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ, ಕೆಲವು ಕಡೆ 15 ಇಂಚು. ಓಜಾರ್ಕ್ ಬೆಟ್ಟಗಳ ಹೊಳೆಗಳಲ್ಲಿ ಮಾರ್ಚ್‌ನಿಂದ ಮೇ ಕೊನೆಯ ವಾರದ ತನಕ ದೊಡ್ಡದು ಸಿಕ್ಕಿದರೂ ಬಿಡಬೇಕು, ಯಾಕಂದರೆ ಅದು ಮೊಟ್ಟೆ ಇಡುವ ಕಾಲ. 16ರಿಂದ 64 ವರ್ಷದವರಿಗೆ ಲೈಸೆನ್ಸ್ ಬೇಕು. ಸೆಪ್ಟೆಂಬರಿನ ಆ ರಾತ್ರಿ ನಮ್ಮ ಜೊತೆಗಿದ್ದ ಅಲ್ಲಿನ ಹುಡುಗ ಹನ್ನೊಂದು ಮುಕ್ಕಾಲು ಇಂಚಿನ ಬಾಸನ್ನು ಅಳತೆಪಟ್ಟಿಯ ಮೇಲೆ ಎರಡು ಸಲ ಇಟ್ಟು ನೋಡಿ, ಒಂದು ಮಾತಾಡದೆ ನೀರಿಗೆ ಬಿಟ್ಟ. ಸುತ್ತ ಹತ್ತು ಮೈಲಿಯಲ್ಲಿ ನೋಡುವವರು ಯಾರೂ ಇರಲಿಲ್ಲ.

ಇದು ಅವರಿಗೆ ಹುಟ್ಟಿನಿಂದ ಬಂದದ್ದೇನೂ ಅಲ್ಲ. ಹೊಳೆಗಾಗಿ ಅವರು ಕಾನೂನು ಮಾಡಿಕೊಂಡಿದ್ದಾರೆ, ದುಡ್ಡು ಕೊಟ್ಟಿದ್ದಾರೆ. ಕರೆಂಟ್ ಮತ್ತು ಜ್ಯಾಕ್ಸ್ ಫೋರ್ಕ್ ನದಿಗಳನ್ನು ಉಳಿಸಲಿಕ್ಕಾಗಿಯೇ 1964ರಲ್ಲಿ ಅಮೆರಿಕದ ಸಂಸತ್ತು ಕಾನೂನು ತಂದಿತು. 1976ರಲ್ಲಿ ಮಿಸ್ಸೌರಿಯ ಜನ ಮತ ಹಾಕಿ, ಕಾಡು, ಮೀನು, ಪ್ರಾಣಿಗಳಿಗೆಂದೇ ತಮ್ಮ ಮೇಲೆ ತಾವೇ ಒಂದು ಮಾರಾಟ ತೆರಿಗೆ ಹಾಕಿಕೊಂಡರು. ಎಂಟು ಡಾಲರಿನ ಸಾಮಾನು ಕೊಂಡರೆ ಒಂದು ಸೆಂಟ್ ಅದಕ್ಕೆ ಹೋಗುತ್ತದೆ. ನಾನು ಅಲ್ಲಿ ಅಕ್ಕಿ, ಚಪ್ಪಲಿ ತಗೊಂಡಾಗಲೂ ಅಷ್ಟು ಕೊಡ್ತೇನೆ. ಸಂತೋಷದಿಂದಲೇ ಕೊಡ್ತೇನೆ.

ಆದರೆ ಅವರ ಒಂದು ರೀತಿ ನನಗೆ ಸರಿ ಕಾಣುವುದಿಲ್ಲ. ಅಲ್ಲಿ ಎಷ್ಟೋ ಜನ ದೊಡ್ಡ ಮೀನನ್ನೂ ಹಿಡಿದು, ಫೋಟೋ ತೆಗೆದು, ಬಿಟ್ಟುಬಿಡ್ತಾರೆ. ಇಡೀ ದಿನ ಹೀಗೆಯೇ. ತಿನ್ನುವ ಮನಸ್ಸಿಲ್ಲದೆ ಒಂದು ಜೀವದ ಬಾಯಿಗೆ ಕೊಕ್ಕೆ ಚುಚ್ಚುವುದು ಯಾಕೆ? ನಮ್ಮ ಕಡೆ ಮೀನು ಅಂದರೆ ಊಟ. ಅವತ್ತು ರಾತ್ರಿ ದಿಬ್ಬದ ಮೇಲೆ ಅಜ್ಜ ಮೂರು ಕಲ್ಲಿಟ್ಟು ಬೆಂಕಿ ಮಾಡಿ, ದೊಡ್ಡ ಕಾಣೆಗೆ ಮೆಣಸು, ಉಪ್ಪು, ಹುಣಸೆಹುಳಿ ಸವರಿ ಕಾವಲಿಯಲ್ಲಿ ಕಾಯಿಸಿದರು. ಮನೆಯಿಂದ ತಂದ ಕುಚ್ಚಲಕ್ಕಿ ಗಂಜಿಯ ಜೊತೆ ಅದನ್ನು ತಿಂದದ್ದು ಆ ವರ್ಷದ ನನ್ನ ಅತ್ಯಂತ ಒಳ್ಳೆಯ ಊಟ. ಹಿಡಿದದ್ದನ್ನು ತಿನ್ನಬೇಕು. ಮರಿಯನ್ನು ಬಿಡಬೇಕು. ಎರಡೂ ಒಟ್ಟಿಗೆ ಆಗುವ ಮಾತೇ.

ಊಟದ ಹೊತ್ತಿಗೆ ನಾನು ಇದನ್ನು ಹೇಳಿದೆ. ಗೆಳೆಯ ಸುಮ್ನಿರಲಿಲ್ಲ. ‘ನಮ್ಮ ಹನ್ನೊಂದು ಮರಿಯಿಂದ ಎಂತ ಆಗ್ತದೆ? ಕಡಲಲ್ಲಿ ಟನ್ನುಗಟ್ಟಲೆ ಮರಿ ಮೀನು ಹಿಡಿದು ಮೀನಿನ ಹುಡಿ ಮಾಡುವ ಫಿಶ್‌ಮೀಲ್ ಫ್ಯಾಕ್ಟರಿಗೆ ಹಾಕ್ತಾರೆ. ಲೈಟ್ ಫಿಶಿಂಗ್ ಮಾಡ್ತಾರೆ. ಅವರಿಗೆ ಹೇಳು.’ ಅವನು ಹೇಳಿದ್ದು ಸುಳ್ಳಲ್ಲ. ಎಲ್‌ಇಡಿ ದೀಪ ಹಾಕಿ ಮೀನು ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ನಮ್ಮಲ್ಲಿ ಕಾನೂನೇ ಇಲ್ಲ ಅಂತ ಹೇಳಲು ಬರುವುದಿಲ್ಲ. ಅಜ್ಜ ಕೂಡ ಅವನ ಕಡೆಗೇ ಸ್ವಲ್ಪ ವಾಲಿದರು. ‘ಬಲೆಯ ಕಣ್ಣು ಸಣ್ಣ ಆಗ್ತಾ ಬಂತು ಮಗಾ. ಗಾಳದವನು ಎಷ್ಟು ಹಿಡಿದಾನು?’

ನನ್ನ ಉತ್ತರ ಇಷ್ಟು. ಬಲೆಯವರಿಗೆ ಅದು ಹೊಟ್ಟೆಪಾಡು. ಡೀಸೆಲ್ಲಿನ ಸಾಲ ಇದೆ, ಮಕ್ಕಳ ಫೀಸು ಇದೆ. ಅವರ ಲೆಕ್ಕ ಬೇರೆ, ಅದನ್ನು ಸರಕಾರವೂ ಅವರೂ ಕೂತು ಸರಿಮಾಡಬೇಕು. ನಾವು ಖುಷಿಗೆ ಹೋಗುವವರು. ಒಂದು ರಾತ್ರಿ ಗೆಳೆಯರ ಜೊತೆ ಕಳೆಯಲು ಹೋಗುವವರು. ಹನ್ನೊಂದು ಮರಿ ಬಿಟ್ಟರೆ ನಮ್ಮ ಮನೆಯ ಒಲೆ ಆರುವುದಿಲ್ಲ. ಬಿಡುವ ಅಭ್ಯಾಸ ನಮ್ಮಿಂದಲೇ ಶುರುವಾಗದಿದ್ದರೆ ಬಲೆಯವರಿಗೆ ಹೇಳುವ ಬಾಯಿ ನಮಗೆಲ್ಲಿಂದ ಬರಬೇಕು?

ಇದಕ್ಕೆ ಮಿಸ್ಸೌರಿಯ ಕಾನೂನು ಪುಸ್ತಕ ತರಬೇಕಾಗಿಲ್ಲ. ಮಂಗಳೂರು ಕಡೆಯ ಚೇಳ್ಯಾರಿನ ಖಂಡಿಗೆಯಲ್ಲಿ ಮೇ ತಿಂಗಳ ಸಂಕ್ರಮಣಕ್ಕೆ ಊರಿಡೀ ನಂದಿನಿ ನದಿಗೆ ಇಳಿದು ಮೀನು ಹಿಡಿಯುವ ಜಾತ್ರೆ ಇದೆ. ಜಾತ್ರೆಯ ದಿನ ಬರುವ ತನಕ ಆ ಜಾಗದಲ್ಲಿ ಬಲೆ ಹಾಕುವುದಿಲ್ಲ. ದೈವದ ಮೇಲಿನ ಭಯಭಕ್ತಿ ಅಲ್ಲಿ ಕಾಯುತ್ತದೆ. ಬೆಳ್ತಂಗಡಿ ಕಡೆಯ ಶಿಶಿಲದಲ್ಲಿ ಕಪಿಲಾ ನದಿಯ ಮೀನುಗಳಿಗೆ ಜನ ಅಕ್ಕಿ ಹಾಕ್ತಾರೆ, ಹಿಡಿಯುವುದಿಲ್ಲ. ಕಾಯುವುದು, ಬಿಡುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಹಾಗಂತ ಹಳೆಯದೆಲ್ಲ ಸರಿ ಅಂತಲೂ ನಾನು ಹೇಳುವುದಿಲ್ಲ. ಮೊದಲ ಮಳೆಗೆ ಮೊಟ್ಟೆ ಇಡಲು ಗದ್ದೆಗೆ ಹತ್ತಿ ಬರುವ ಮೀನನ್ನು ಟಾರ್ಚು, ಕತ್ತಿ ಹಿಡಿದು ಕಡಿಯುತ್ತೇವಲ್ಲ, ಚಿಕ್ಕವನಿರುವಾಗ ಅಪ್ಪನ ಜೊತೆ ನಾನೂ ಹೋಗಿದ್ದೇನೆ. ಆ ಖುಷಿ ಈಗಲೂ ನೆನಪಿದೆ. ಈಗ ಯಾರಾದರೂ ಕರೆದರೆ ಹೋಗುವುದಿಲ್ಲ. ಹೊಟ್ಟೆ ತುಂಬ ಮೊಟ್ಟೆ ಇರುವ ಮೀನು ಅದು.

ಗೇಣು ಅಂತ ಒಂದು ಅಳತೆ ನಮ್ಮ ಕೈಯಲ್ಲೇ ಇದೆ. ಕಾಣೆ ಗೇಣುದ್ದಕ್ಕಿಂತ ಚಿಕ್ಕದಾದರೆ ನೀರಿಗೆ. ಅಳತೆಪಟ್ಟಿ ಬೇಡ, ಕೈ ಬಿಡಿಸಿ ಪಕ್ಕದಲ್ಲಿಟ್ಟರೆ ಆಯಿತು. ಬಿಡುವಾಗ ಒಣಕೈಯಲ್ಲಿ ಹಿಡಿಯಬೇಡಿ, ಕೈ ಒದ್ದೆ ಮಾಡಿಕೊಳ್ಳಿ, ಇಲ್ಲದಿದ್ದರೆ ಮೈಯ ಲೋಳೆ ಹೋಗಿ ಮೀನು ಬದುಕುವುದು ಕಷ್ಟ. ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಟ್ಟರೆ ಬಿಡಿಸುವುದು ಸುಲಭ.

ಇನ್ನೊಂದು ವಿಷಯ, ಗಾಜು. ನಡುರಾತ್ರಿ ಗೆಳೆಯನೊಬ್ಬ ದಿಬ್ಬದ ಮೇಲೆ ಬರಿಗಾಲಲ್ಲಿ ನಡೆದು, ಯಾರೋ ಒಡೆದು ಹಾಕಿದ್ದ ಬಾಟಲಿಯ ಚೂರು ಮೆಟ್ಟಿದ. ಹಿಮ್ಮಡಿಯಲ್ಲಿ ಎರಡು ಇಂಚು ಗಾಯ. ಅಜ್ಜನ ಬೈರಾಸು (ಟವೆಲು) ಕಟ್ಟಿ ರಕ್ತ ನಿಲ್ಲಿಸಿದೆವು. ಬೆಳಗ್ಗೆ ನಾಲ್ಕು ಹೊಲಿಗೆ ಬಿತ್ತು. ಕರೆಂಟ್ ನದಿಯಲ್ಲಿ ದೋಣಿಯೊಳಗೆ ಗಾಜಿನ ಬಾಟಲಿ ಇಟ್ಟುಕೊಳ್ಳುವಂತೆಯೇ ಇಲ್ಲ. ಕಸಕ್ಕೆ ಚೀಲ ಒಯ್ಯಬೇಕು. ಒಬ್ಬೊಬ್ಬರಿಗೂ ಒಂದು ಲೈಫ್ ಜಾಕೆಟ್ ದೋಣಿಯಲ್ಲಿ ಇರಲೇಬೇಕು. ನಮ್ಮ ದೋಣಿಯಲ್ಲಿ ಒಂದೂ ಇರಲಿಲ್ಲ. ಐದು ಜನರಲ್ಲಿ ಇಬ್ಬರಿಗೆ ಈಜು ಬರುವುದಿಲ್ಲ. ಕುದ್ರುವಿನ ಮರಳು ಎಷ್ಟು ನುಣುಪು, ಎಷ್ಟು ಬಿಳಿ ಅಂತ ನಿಮಗೂ ಗೊತ್ತು. ಅದರಲ್ಲಿ ಬರಿಗಾಲಲ್ಲಿ ನಡೆಯಲು ಹೆದರುವ ಹಾಗೆ ಮಾಡಿಟ್ಟವರು ನಾವೇ, ನಮ್ಮ ಹಾಗೆ ರಾತ್ರಿ ಕಳೆಯಲು ಬಂದವರೇ. ಇದನ್ನು ನೆನೆದರೆ ಸಿಟ್ಟು ಬರುತ್ತದೆ.

ಈ ಡಿಸೆಂಬರಿನಲ್ಲಿ ಮತ್ತೆ ಹೋಗುವುದು ಅಂತ ಆಗಿದೆ. ಜಾಕೆಟ್ಟು, ಕಸದ ಚೀಲ ನನ್ನ ಜವಾಬ್ದಾರಿ. ಗಾಜು ಬೇಡ ಅನ್ನುವುದಕ್ಕೆ ಹೊಲಿಗೆ ಬಿದ್ದವನೇ ಎಲ್ಲರಿಗಿಂತ ಮೊದಲು ಹೂಂ ಅಂದ. ಗೇಣಿನ ಮಾತಿಗೆ ಇಬ್ಬರು ಒಪ್ಪಿದ್ದಾರೆ. ದಿಬ್ಬದಲ್ಲಿ ನನ್ನ ಕೈ ಹಿಡಿದವನು ಇನ್ನೂ ಒಪ್ಪಿಲ್ಲ. ಮೊನ್ನೆ ಫೋನಿನಲ್ಲಿ ಕೇಳಿದ, ‘ಕಾಣೆಗೆ ಗೇಣು ಸರಿ ಮಾರಾಯ, ಕೆಂಬೇರಿಗೆ ಎಷ್ಟು? ಅದು ಗೇಣುದ್ದ ಇದ್ದರೂ ಮರಿಯೇ ಅಲ್ವಾ?’ ಅವನು ಕೇಳಿದ್ದು ನ್ಯಾಯ. ಅಜ್ಜನನ್ನೇ ಕೇಳಬೇಕು.