ಸಿಯಾಟಲ್‌ನ ಟೇಪು ಮತ್ತು ‘ಎ ಲವ್ ಸುಪ್ರೀಮ್’

ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ನಾಲ್ಕು ಭಾಗಗಳ ಆಲ್ಬಮ್ ‘ಎ ಲವ್ ಸುಪ್ರೀಮ್’ ಅನ್ನು ನಾನು ಮೊದಲ ಕೆಲವು ವರ್ಷ ತಪ್ಪು ಅನುಕ್ರಮದಲ್ಲಿ ಕೇಳಿದ್ದೆ. ಗೆಳೆಯರೊಬ್ಬರು ಸಿ.ಡಿ.ಗೆ ಹಾಕಿಕೊಟ್ಟಿದ್ದ ಎಂಪಿ3 ಕಡತಗಳನ್ನು ನನ್ನ ಕಂಪ್ಯೂಟರ್ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿಕೊಂಡಿತ್ತು. ಹೀಗಾಗಿ ‘ಅಕ್ನಾಲೆಜ್‌ಮೆಂಟ್’ ಮುಗಿದ ಕೂಡಲೇ ಕೊನೆಯ ಭಾಗವಾದ ‘ಸಾಮ್’ (Psalm) ಬರುತ್ತಿತ್ತು, ಅದಾದ ಮೇಲೆ ‘ಪರ್ಸ್ಯೂಅನ್ಸ್’, ಎಲ್ಲಕ್ಕೂ ಕಡೆಗೆ ‘ರೆಸಲ್ಯೂಷನ್’. ‘ಪರ್ಸ್ಯೂಅನ್ಸ್’ ಮುಗಿಯುವುದೂ ‘ರೆಸಲ್ಯೂಷನ್’ ಶುರುವಾಗುವುದೂ ಜಿಮ್ಮಿ ಗ್ಯಾರಿಸನ್ ಅವರ ಒಂಟಿ ಬೇಸ್‌ನಿಂದಲೇ ಆದ್ದರಿಂದ ಆ ಜೋಡಣೆ ಸರಿಯಾಗಿಯೇ ಇದೆ ಎಂದು ನಾನು ನಂಬಿದ್ದೆ. ಎಲ್‌ಪಿಯ ಅನುಕ್ರಮದಲ್ಲಿ, ಅಂದರೆ ‘ಅಕ್ನಾಲೆಜ್‌ಮೆಂಟ್’, ‘ರೆಸಲ್ಯೂಷನ್’, ‘ಪರ್ಸ್ಯೂಅನ್ಸ್’, ‘ಸಾಮ್’ ಎಂದು ಕೇಳಿದ ದಿನವೇ ಈ ಕೃತಿಯ ಜೀವ ಅದರ ಭಾಗಗಳ ನಡುವಿನ ಕೊಂಡಿಗಳಲ್ಲಿದೆ ಎಂಬುದು ಗೊತ್ತಾಯಿತು. ಅಮೆರಿಕದ ಸಿಯಾಟಲ್ ನಗರದಲ್ಲಿ ಇದೇ ಕೃತಿಯನ್ನು ನುಡಿಸಿದಾಗಿನ ಧ್ವನಿಮುದ್ರಣ, 2021ರಲ್ಲಿ ಬಿಡುಗಡೆಯಾದ ‘ಎ ಲವ್ ಸುಪ್ರೀಮ್: ಲೈವ್ ಇನ್ ಸಿಯಾಟಲ್’ ಬಗ್ಗೆ ಬರೆಯಬೇಕೆನ್ನಿಸಿದ್ದೂ ಇದೇ ಕಾರಣಕ್ಕೆ.

ಸ್ಟುಡಿಯೋ ಆವೃತ್ತಿಯನ್ನು 1964ರ ಡಿಸೆಂಬರ್ 9ರಂದು, ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿದ್ದ ರೂಡಿ ವಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಲಾಯಿತು. ಪಿಯಾನೋದಲ್ಲಿ ಮೆಕಾಯ್ ಟೈನರ್, ಡ್ರಮ್ಸ್‌ನಲ್ಲಿ ಎಲ್ವಿನ್ ಜೋನ್ಸ್, ಬೇಸ್‌ನಲ್ಲಿ ಗ್ಯಾರಿಸನ್. ಒಟ್ಟು ಅವಧಿ ಸುಮಾರು 33 ನಿಮಿಷ. ಮೊದಲು ಒಂದು ಗಾಂಗ್ (ದೊಡ್ಡ ಜಾಗಟೆ), ಸ್ಯಾಕ್ಸೊಫೋನಿನ ಒಂದು ಚಿಕ್ಕ ಆಹ್ವಾನ, ಅದಾದ ಮೇಲೆ ಬೇಸ್‌ನಲ್ಲಿ ನಾಲ್ಕು ಸ್ವರಗಳು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸ ಗ ಸ ಮ, ಸಾಧಾರಣ ಗಾಂಧಾರ ಮತ್ತು ಶುದ್ಧ ಮಧ್ಯಮ. ‘ಎ ಲವ್ ಸುಪ್ರೀಮ್’ ಎಂಬ ಮಾತಿನ ನಾಲ್ಕು ಉಚ್ಚಾರಗಳಿಗೆ ಈ ನಾಲ್ಕು ಸ್ವರಗಳು. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇಷ್ಟರಲ್ಲಿ ಮನೆಯಂಗಳಕ್ಕೆ ಬಂದಂತೆ ಅನ್ನಿಸಿಬಿಡುತ್ತದೆ. ಆದರೆ ಐದನೆಯ ನಿಮಿಷದ ಸುಮಾರಿಗೆ ಕೋಲ್ಟ್ರೇನ್ ಇದೇ ತುಣುಕನ್ನು ಎತ್ತಿಕೊಂಡು ಹನ್ನೆರಡೂ ಶ್ರುತಿಗಳಿಗೆ ಒಂದರ ಹಿಂದೊಂದರಂತೆ ಕೊಂಡೊಯ್ಯುತ್ತಾರೆ. ಆಧಾರ ಷಡ್ಜವೇ ಕಾಲಡಿಯಿಂದ ಸರಿದುಹೋಗುತ್ತದೆ. ಇದು ಗ್ರಹಭೇದವೂ (ಬೇರೊಂದು ಸ್ವರವನ್ನೇ ಷಡ್ಜವೆಂದು ಹಿಡಿದು ನುಡಿಸುವುದು) ಅಲ್ಲ, ಏಕೆಂದರೆ ಗ್ರಹಭೇದದಲ್ಲಿ ತಂಬೂರಿ ತನ್ನ ಜಾಗ ಬಿಡುವುದಿಲ್ಲ. ಈ ಆಲ್ಬಮ್ಮನ್ನು ‘ರಾಗದಂತಿದೆ’ ಎಂದು ಹೊಗಳುವ ವಿಮರ್ಶೆಗಳನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ. ಕೋಲ್ಟ್ರೇನ್ ಭಾರತೀಯ ಸಂಗೀತವನ್ನು ಗೌರವದಿಂದ ಕಂಡರು, 1961ರಲ್ಲಿ ‘ಇಂಡಿಯಾ’ ಎಂಬ ರಚನೆಯನ್ನು ನುಡಿಸಿದರು, ಮಗನಿಗೆ ರವಿಶಂಕರ್ ಅವರ ಹೆಸರಿಟ್ಟರು. ಅದೆಲ್ಲ ನಿಜ. ಆದರೂ ಆ ಹನ್ನೆರಡು ಶ್ರುತಿಗಳ ಓಡಾಟ ನಮ್ಮದಲ್ಲ, ಅದು ಪೂರ್ತಿಯಾಗಿ ಅವರದು.

ನಿಜವಾದ ನೆಂಟಸ್ತಿಕೆ ಇರುವುದು ‘ಸಾಮ್’ ಭಾಗದಲ್ಲಿ. ಆಲ್ಬಮ್ಮಿನ ಹೊದಿಕೆಯ ಮೇಲೆ ಕೋಲ್ಟ್ರೇನ್ ದೇವರನ್ನು ಕುರಿತು ತಾವೇ ಬರೆದ ಒಂದು ಕವಿತೆ ಅಚ್ಚಾಗಿದೆ. ‘ಸಾಮ್’ನಲ್ಲಿ ಅವರು ನುಡಿಸುವುದು ಆ ಕವಿತೆಯನ್ನೇ, ಮಾತಿನ ಉಚ್ಚಾರಕ್ಕೆ ಸರಿಯಾಗಿ ಸ್ವರ ಹಿಡಿದು. ಹೊದಿಕೆಯನ್ನು ಕೈಯಲ್ಲಿ ಹಿಡಿದು ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೇಳಿದರೆ ಬೆರಳೂ ಸ್ಯಾಕ್ಸೊಫೋನೂ ಒಟ್ಟಿಗೆ ಮುಂದೆ ಹೋಗುತ್ತವೆ. ಹಿಂದೆ ಎಲ್ವಿನ್ ಜೋನ್ಸ್ ಅವರ ಟಿಂಪನಿ (ದೊಡ್ಡ ನಗಾರಿ) ದೂರದ ಗುಡುಗಿನಂತೆ ಉರುಳುತ್ತದೆ. ನಮ್ಮ ವೈಣಿಕರು, ಪಿಟೀಲು ವಾದಕರು ಕೀರ್ತನೆಯನ್ನು ನುಡಿಸುವಾಗ ಸಾಹಿತ್ಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ನುಡಿಸುತ್ತಾರಲ್ಲ, ಇದೂ ಅದೇ ಕೆಲಸ. ಕದ್ರಿ ಗೋಪಾಲನಾಥರು ಅದನ್ನೇ ಸ್ಯಾಕ್ಸೊಫೋನಿನಲ್ಲಿ ಜೀವಮಾನವಿಡೀ ಮಾಡಿದರು. (2008ರಲ್ಲಿ ಅವರು ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರೊಂದಿಗೆ ಹೊರತಂದ ‘ಕಿನ್ಸ್‌ಮೆನ್’ ಅನ್ನು ಕನ್ನಡಿಗರು ಇನ್ನೂ ಹೆಚ್ಚು ಕೇಳಬೇಕು. ಒಂದೇ ಬಗೆಯ ಎರಡು ಆಲ್ಟೋ ಸ್ಯಾಕ್ಸೊಫೋನುಗಳು, ಒಂದರಲ್ಲಿ ಗಮಕ, ಇನ್ನೊಂದರಲ್ಲಿ ಜಾಝ್‌ನ ಬಿರುಸು. ಅದಕ್ಕೆ ಬೇರೆಯದೇ ಬರಹ ಬೇಕು.)

ಈಗ ಸಿಯಾಟಲ್. 1965ರ ಅಕ್ಟೋಬರ್ 2ರಂದು ‘ಪೆಂಟ್‌ಹೌಸ್’ ಎಂಬ ಕ್ಲಬ್ಬಿನಲ್ಲಿ ಕೋಲ್ಟ್ರೇನ್ ಇಡೀ ಕೃತಿಯನ್ನು ನುಡಿಸಿದರು. ಸ್ಥಳೀಯ ಸ್ಯಾಕ್ಸೊಫೋನ್ ವಾದಕರೂ ಅಧ್ಯಾಪಕರೂ ಆಗಿದ್ದ ಜೋ ಬ್ರೆಜಿಲ್ ಅದನ್ನು ಟೇಪಿನಲ್ಲಿ ಹಿಡಿದಿಟ್ಟರು. ಬ್ರೆಜಿಲ್ 2008ರಲ್ಲಿ ತೀರಿಕೊಂಡರು. ಟೇಪು ಲೋಕದ ಕಿವಿಗೆ ಬಿದ್ದದ್ದು ವಾದನ ನಡೆದು 56 ವರ್ಷಗಳ ನಂತರ. ಇಲ್ಲಿ ಸ್ಟುಡಿಯೋದ ಅದೇ ನಾಲ್ವರ ಜೊತೆಗೆ ಟೆನರ್ ಸ್ಯಾಕ್ಸೊಫೋನಿನಲ್ಲಿ ಫೇರೋ ಸ್ಯಾಂಡರ್ಸ್, ಆಲ್ಟೋದಲ್ಲಿ ಕಾರ್ಲೋಸ್ ವಾರ್ಡ್, ಎರಡನೆಯ ಬೇಸ್‌ನಲ್ಲಿ ಡೊನಾಲ್ಡ್ ಗ್ಯಾರೆಟ್ ಇದ್ದಾರೆ. ಸ್ಟುಡಿಯೋದಲ್ಲಿ ಎಂಟು ನಿಮಿಷದೊಳಗೆ ಮುಗಿದ ‘ಅಕ್ನಾಲೆಜ್‌ಮೆಂಟ್’ ಇಲ್ಲಿ ಸುಮಾರು 22 ನಿಮಿಷಕ್ಕೆ ಬೆಳೆದಿದೆ, ಇಡೀ ವಾದನ 75 ನಿಮಿಷದಷ್ಟಾಗಿದೆ.

ದೋಷಗಳನ್ನು ಮುಚ್ಚಿಡಬಾರದು. ಡ್ರಮ್ಸ್ ತೀರಾ ಹತ್ತಿರದಲ್ಲಿ ಕೇಳುತ್ತದೆ, ಸ್ಯಾಕ್ಸೊಫೋನ್ ಕೆಲವೊಮ್ಮೆ ಪಕ್ಕದ ಕೋಣೆಗೆ ಹೋದಂತಾಗುತ್ತದೆ, ಪಿಯಾನೋಗಾಗಿ ಕಿವಿಯನ್ನು ಚೂಪು ಮಾಡಿಕೊಳ್ಳಬೇಕಾಗುತ್ತದೆ. ಸ್ಯಾಂಡರ್ಸ್ ಅವರ ಕಿರುಚು ನಾದ ಮೊದಲ ಸಲಕ್ಕೆ ಎಲ್ಲರಿಗೂ ರುಚಿಸುವಂಥದ್ದಲ್ಲ. ಇಷ್ಟಾದರೂ ಇದನ್ನು ‘ಇತಿಹಾಸದ ದಾಖಲೆ’ ಎಂದು ಕಪಾಟಿನಲ್ಲಿ ಇಟ್ಟುಬಿಡುವ ವಿಮರ್ಶೆಯನ್ನು ನಾನು ಒಪ್ಪಲಾರೆ. ಭಾಗ ಭಾಗಗಳ ನಡುವೆ ಇಲ್ಲಿ ನಾಲ್ಕು ಮಧ್ಯಂತರಗಳಿವೆ, ಹೆಚ್ಚಾಗಿ ಬೇಸ್ ಮತ್ತು ಡ್ರಮ್ಸ್‌ನವು. ಸ್ಟುಡಿಯೋದಲ್ಲಿ ಕೆಲವು ಕ್ಷಣಗಳ ಕೊಂಡಿಯಾಗಿದ್ದದ್ದು ಇಲ್ಲಿ ವಿಸ್ತಾರವಾದ ಜಾಗವಾಗಿದೆ. ಒಂದು ಭಾಗದ ಬಿಸಿ ಆರುವುದು, ಮುಂದಿನದರ ಲಯ ಮೆಲ್ಲಗೆ ಕುದುರುವುದು, ಇವೆರಡೂ ಕಣ್ಣೆದುರೇ ನಡೆದಂತಿವೆ. ನಾವು 33 ನಿಮಿಷದ ಆಲ್ಬಮ್ ಎಂದು ಪೂಜಿಸುತ್ತ ಬಂದದ್ದು ಅದನ್ನು ಕಟ್ಟಿದವರ ಪಾಲಿಗೆ ಒಂದು ಚೌಕಟ್ಟಾಗಿತ್ತು, ಆ ದಿನದ ಮನೋಧರ್ಮಕ್ಕೆ ತಕ್ಕಂತೆ ಹಿಗ್ಗಬಲ್ಲ ಚೌಕಟ್ಟು. ನನಗೆ ಇದನ್ನು ಮನದಟ್ಟು ಮಾಡಿಸಿದ್ದು ಸಿಯಾಟಲ್‌ನ ಆ ಮಧ್ಯಂತರಗಳೇ.

ಈಚಿನ ವರ್ಷಗಳಲ್ಲಿ ಕೋಲ್ಟ್ರೇನ್ ಅವರ ‘ಕಳೆದುಹೋಗಿದ್ದ’ ಟೇಪುಗಳು ಸಾಲಾಗಿ ಹೊರಬರುತ್ತಿವೆ. 2018ರ ‘ಬೋತ್ ಡೈರೆಕ್ಷನ್ಸ್ ಅಟ್ ಒನ್ಸ್’ ನನಗೆ ಪ್ರಿಯ. 2019ರ ‘ಬ್ಲೂ ವರ್ಲ್ಡ್’ ಬಹುಮಟ್ಟಿಗೆ ಹಳೆಯ ರಚನೆಗಳ ಮರುವಾದನ, ಅದಿಲ್ಲದಿದ್ದರೂ ನಡೆಯುತ್ತಿತ್ತು. 2023ರಲ್ಲಿ ಬಂದ ವಿಲೇಜ್ ಗೇಟ್ ಕ್ಲಬ್ಬಿನ ಟೇಪು ಜೊತೆವಾದಕ ಎರಿಕ್ ಡಾಲ್ಫಿ ಅವರಿಗಾಗಿ ಕೇಳಬೇಕಾದದ್ದು. ಇವೆಲ್ಲದರ ನಡುವೆ ಹಳೆಯ ಕೃತಿಯೊಂದನ್ನು ನಾನು ಕೇಳುವ ರೀತಿಯನ್ನೇ ಬದಲಿಸಿದ್ದು ಸಿಯಾಟಲ್ ಒಂದೇ.

ಆ ರಾತ್ರಿಯ ‘ಸಾಮ್’ ಇನ್ನೊಂದು ಬಗೆಯದು. ಅಷ್ಟು ಹೊತ್ತು ಮೂರು ಸ್ಯಾಕ್ಸೊಫೋನುಗಳು ಹಂಚಿಕೊಂಡ ವೇದಿಕೆಯಲ್ಲಿ ಕೊನೆಗೆ ಕೋಲ್ಟ್ರೇನ್ ಒಬ್ಬರೇ ಮುಂದೆ ನಿಲ್ಲುತ್ತಾರೆ. ಟೇಪಿನ ಸಣ್ಣ ಸದ್ದಿನ ಹಿಂದೆ, ಡ್ರಮ್ಸ್‌ನ ಮೊರೆತದ ನಡುವೆ ಅವರ ದನಿ ಒಮ್ಮೆ ದೂರ, ಒಮ್ಮೆ ಹತ್ತಿರ. ಹೆಡ್‌ಫೋನ್ ಹಾಕಿಕೊಂಡು, ಆ್ಯಪ್‌ನಲ್ಲಿ ಶಫಲ್ ನಿಲ್ಲಿಸಿ, ಮೊದಲ ಗಾಂಗಿನ 33 ನಿಮಿಷಗಳನ್ನು ಒಂದು ದಿನ, ಈ 75 ನಿಮಿಷಗಳನ್ನು ಮರುದಿನ ಕೇಳಿ.