ಕುದುರೆಯ ಬಾಯಿ ಬಿಡಿಸಿದ್ದು ಮೂರು ವಾರ ತಡವಾಗಿ

ಸಿಕ್ಕವರಿಗೆಲ್ಲ ಇದೇ ಕಥೆ ಹೇಳಿ ಹೇಳಿ ಸಾಕಾಗಿದೆ. ಇಲ್ಲೇ ಬರೆದುಬಿಡುತ್ತೇನೆ. ಇನ್ನು ಯಾರಾದರೂ ಕೇಳಿದರೆ ಇದನ್ನೇ ಕಳಿಸಿದರಾಯಿತು.

ನನ್ನ ಅಕ್ಕನ ಮಗ ಕುದುರೆ ತಗೊಂಡ. ಸಂಜೆ ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಮಕ್ಕಳಿಗೆ ಸವಾರಿ, ಮದುವೆ ಸೀಸನ್ನಿನಲ್ಲಿ ಮೆರವಣಿಗೆ, ಇದು ಅವನ ಲೆಕ್ಕ. ಘಟ್ಟದ ಮೇಲಿನ ಒಬ್ಬ ವ್ಯಾಪಾರಿ 85,000 ರೂಪಾಯಿಗೆ ಕೊಟ್ಟ. ಬಿಳಿ ಹೆಣ್ಣು ಕುದುರೆ, ಹೆಸರು ಮೋತಿ. ವಯಸ್ಸು ಏಳು ಅಂದ. ಬಲು ಸಾಧು. ಪಕ್ಕದಲ್ಲಿ ಪಟಾಕಿ ಸರ ಹೊಡೆದರೂ ಕಿವಿ ಮಾತ್ರ ಆಡಿಸುತ್ತದೆ. ಏಳು ವರ್ಷದ ಕುದುರೆಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು ಅಂತ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಅದೇ ವಾರ ವಿಮೆಯನ್ನೂ ಮಾಡಿಸಿದ. ಆರೋಗ್ಯದ ಸರ್ಟಿಫಿಕೇಟ್ ಬೇಕಿತ್ತು, ಅರ್ಧ ಗಂಟೆಯಲ್ಲಿ ಸಿಕ್ಕಿತು. ನಾನೂ ಜೊತೆಗಿದ್ದೆ. ಸರ್ಟಿಫಿಕೇಟ್ ಕೊಡುವ ಡಾಕ್ಟರು ಜ್ವರ ನೋಡಿದರು, ನಾಲ್ಕು ಹೆಜ್ಜೆ ನಡೆಸಿದರು, ಫೋಟೋ ತೆಗೆದರು. ವಯಸ್ಸಿನ ಜಾಗದಲ್ಲಿ ನಮ್ಮನ್ನೇ ಕೇಳಿ 7 ಅಂತ ಬರೆದುಕೊಂಡರು. ಬಾಯಿ ಯಾರೂ ಬಿಡಿಸಲಿಲ್ಲ.

ಮೂರನೇ ವಾರ ಅಕ್ಕನ ಫೋನು. "ಕುದುರೆ ತಿಂದಿದ್ದನ್ನೆಲ್ಲ ಉಗುಳ್ತಾ ಇದೆ ಮಾರಾಯ, ಒಮ್ಮೆ ಬಂದು ನೋಡು." ಹೋದೆ. ಕೊಟ್ಟಿಗೆಯ ನೆಲದ ತುಂಬ ಹುಲ್ಲಿನ ಉಂಡೆಗಳು. ನಿಂಬೆಹಣ್ಣಿನಷ್ಟು ದೊಡ್ಡವು, ಅರ್ಧಂಬರ್ಧ ಅಗಿದು ಜೊಲ್ಲಿನಲ್ಲಿ ಕಟ್ಟಿ ಬಿದ್ದವು. ಲದ್ದಿಯಲ್ಲಿ ಹುರುಳಿ ಹಾಕಿದ ಹಾಗೇ ಇಡಿಯಾಗಿ ಬಂದಿತ್ತು. ತಲೆ ಒಂದು ಕಡೆ ವಾಲಿಸಿಕೊಂಡು ಅಗಿಯುತ್ತಿತ್ತು, ಹಲ್ಲುನೋವಿದ್ದಾಗ ನಾವು ಒಂದೇ ದವಡೆಯಲ್ಲಿ ಊಟ ಮಾಡ್ತೀವಲ್ಲ, ಹಾಗೆ.

ಬೆಳಗಾವಿ ಕಡೆಯಿಂದ ಕುದುರೆ ನೋಡುವ ಡಾಕ್ಟರನ್ನು ಕರೆಸಿದೆವು. ಮಂಪರು ಬರುವ ಇಂಜೆಕ್ಷನ್ ಕೊಟ್ಟು, ಬಾಯಿಗೆ ಕಬ್ಬಿಣದ ಚೌಕಟ್ಟು ಸಿಕ್ಕಿಸಿ, ಹಣೆಗೆ ಟಾರ್ಚ್ ಕಟ್ಟಿಕೊಂಡು ನೋಡಿದರು. ಬಾಯಿ ತೆರೆದದ್ದೇ ತಡ, ಕೊಳೆತ ವಾಸನೆಗೆ ಅಕ್ಕ ಸೆರಗು ಮೂಗಿಗೆ ಹಿಡಿದು ಹೊರಗೆ ಹೋದಳು. ಡಾಕ್ಟರು ನನ್ನನ್ನು ಕರೆದು, "ಇಲ್ಲಿ ಬೆರಳಿಟ್ಟು ನೋಡಿ" ಅಂದರು. ಮೇಲಿನ ದವಡೆ ಹಲ್ಲಿನ ಹೊರಗಿನ ಅಂಚು. ಈಳಿಗೆಮಣೆಯ ಬಾಯಿ ಮುಟ್ಟಿದ ಹಾಗಾಯಿತು. ಅದಕ್ಕೆ ತಾಗುವ ಕೆನ್ನೆಯ ಒಳಗೆ ಉದ್ದಕ್ಕೂ ಗಾಯ. ಕೆಳಗಡೆ ಕೊನೆಯ ಹಲ್ಲು ಅಲ್ಲಾಡುತ್ತಿತ್ತು. ಅದರ ಪಕ್ಕದ ಸಂದಿಯಲ್ಲಿ ಹುಲ್ಲು ಸಿಕ್ಕಿ ಕೊಳೆತಿತ್ತು.

ನಮಗೆ ದನದ ಹಲ್ಲು ಗೊತ್ತು, ಕುದುರೆಯದು ಗೊತ್ತಿರಲಿಲ್ಲ. ಡಾಕ್ಟರು ಬಿಡಿಸಿ ಹೇಳಿದರು. ಕುದುರೆಯ ಹಲ್ಲು ವರ್ಷಕ್ಕೆ 2ರಿಂದ 3 ಮಿಲಿಮೀಟರಿನಷ್ಟು ಒಸಡಿನಿಂದ ಮೇಲೆ ಬರುತ್ತಲೇ ಇರುತ್ತದೆ, ಹುಲ್ಲು ಅಗಿದು ಅಷ್ಟೇ ಸವೆಯುತ್ತದೆ. ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ. ಹಾಗಾಗಿ ಪೂರ್ತಿ ಒಂದೇ ಸಮ ಸವೆಯುವುದಿಲ್ಲ. ಮೇಲಿನ ಹಲ್ಲಿನ ಹೊರಗಡೆ, ಕೆಳಗಿನದರ ಒಳಗಡೆ ಅಂಚು ಚೂಪಾಗಿ ಉಳಿಯುತ್ತದೆ. ವರ್ಷಕ್ಕೊಮ್ಮೆಯಾದರೂ ಬಾಯಿ ನೋಡಿಸಿ, ಉದ್ದ ಹಿಡಿಕೆಯ ಅರ ಹಾಕಿ ಉಜ್ಜಿಸಬೇಕು. ಮೋತಿಗೆ ಎಷ್ಟೋ ವರ್ಷದಿಂದ ಯಾರೂ ಉಜ್ಜಿಸಿಲ್ಲ.

ಆಮೇಲೆ ಮುಂದಿನ ತುಟಿ ಎತ್ತಿ ತೋರಿಸಿದರು. ಮೇಲಿನ ಮೂಲೆಯ ಬಾಚಿಹಲ್ಲಿನಲ್ಲಿ ಉದ್ದಕ್ಕೆ ಒಂದು ಕಂದು ಗೀರು. ಅದು ಸುಮಾರು ಹತ್ತನೇ ವರ್ಷಕ್ಕೆ ಒಸಡಿನ ಹತ್ತಿರ ಶುರುವಾಗುತ್ತದಂತೆ, ಹದಿನೈದಕ್ಕೆ ಅರ್ಧ ಹಲ್ಲಿಗೆ, ಇಪ್ಪತ್ತಕ್ಕೆ ಹಲ್ಲಿನ ತುದಿಗೆ ಬರುತ್ತದಂತೆ. ಒಂದೆರಡು ವರ್ಷ ಹೆಚ್ಚುಕಮ್ಮಿ ಇರಬಹುದು. ಮೋತಿಯ ಗೀರು ಅರ್ಧ ದಾಟಿತ್ತು. ಏಳು ವರ್ಷದ ಕುದುರೆಗೆ ಆ ಗೀರೇ ಇರಬಾರದು.

ಅಕ್ಕನ ಮಗ ಡಾಕ್ಟರ ಬಿಲ್ ಹಿಡಿದುಕೊಂಡು ಕ್ಲೇಮ್ ಹಾಕಿದ. ಅವನು ಯೂಟ್ಯೂಬಿನಲ್ಲಿ ಇಂಗ್ಲೆಂಡಿನವರ ವಿಡಿಯೋ ನೋಡಿದ್ದ. ಅಲ್ಲಿ ಕುದುರೆಯ ಚಿಕಿತ್ಸೆ ಖರ್ಚಿಗೂ ವಿಮೆ ಇದೆ, ನಿಜ. ಆದರೆ ಅಲ್ಲೂ ವಾರ್ಷಿಕ ಹಲ್ಲು ಉಜ್ಜುವ ಖರ್ಚು ಮಾಲೀಕನದ್ದೇ. ಪಾಲಿಸಿಗೆ ಮೊದಲೇ ಇದ್ದ ತೊಂದರೆಗೆ ಅಲ್ಲೂ ದುಡ್ಡು ಹುಟ್ಟುವುದಿಲ್ಲ. ನಮ್ಮ ಕೈಲಿರುವುದು ಜಾನುವಾರು ಪಾಲಿಸಿ. ಅದು ಪ್ರಾಣಿ ಸತ್ತರೆ ಕೊಡುತ್ತದೆ, ಮೊದಲ 15 ದಿನದಲ್ಲಿ ರೋಗ ಬಂದು ಸತ್ತರೆ ಅದೂ ಇಲ್ಲ. ಶಾಶ್ವತವಾಗಿ ಕೆಲಸಕ್ಕೆ ಬಾರದಂತಾದರೆ ಸಿಗಬೇಕು ಅಂದರೆ ಪ್ರೀಮಿಯಂ ಬೇರೆ. ಚಿಕಿತ್ಸೆ ಖರ್ಚು ಅದರಲ್ಲಿ ಇಲ್ಲವೇ ಇಲ್ಲ. ಕ್ಲೇಮ್ ವಾಪಸ್ ಬಂತು. ತೊಂದರೆ ಮೊದಲಿನಿಂದ ಇದ್ದದ್ದು ಅಂತ ಒಂದು ಸಾಲು ಹೆಚ್ಚಿಗೆ ಬರೆದಿದ್ದರು.

"ನೋಡಿ ಮಾವ, ಹೇಗೆ ಮೋಸ ಮಾಡಿದ್ರು" ಅಂದ. ಇಲ್ಲಿ ನಾನು ಅವನ ಪರ ಇಲ್ಲ. ಹಲ್ಲು ಮೂರು ವಾರದಲ್ಲಿ ಹಾಗಾಗುವುದಿಲ್ಲ. ಪಾಲಿಸಿಯ ಷರತ್ತು ಓದದೇ ಸಹಿ ಹಾಕಿದ್ದು ನಾವು. ಹಲ್ಲಿನ ಮಟ್ಟಿಗೆ ಕಂಪನಿಯವರು ಹೇಳಿದ್ದು ಸರಿ.

ನನ್ನ ಸಿಟ್ಟು ಬೇರೆ ಕಡೆ ಇದೆ. ತೊಂದರೆ ಮೊದಲಿನಿಂದ ಇತ್ತು ಅಂತ ಇವತ್ತು ಇಷ್ಟು ಗಟ್ಟಿಯಾಗಿ ಹೇಳುವವರು ಪ್ರೀಮಿಯಂ ತಗೊಳ್ಳುವ ದಿನ ಎಲ್ಲಿದ್ದರು? ತುಟಿ ಎತ್ತಿ ನೋಡಲು ಎರಡು ನಿಮಿಷ ಸಾಕು, ಇಂಜೆಕ್ಷನ್ನೂ ಬೇಡ. ದುಡ್ಡು ತಗೊಳ್ಳುವಾಗ 7 ಅಂದರೆ 7. ನಾಳೆ ಮೋತಿ ಸತ್ತರೆ ಆಗ ತುಟಿ ಎತ್ತುತ್ತಾರೆ, ಗೀರು ನೋಡುತ್ತಾರೆ, ವಯಸ್ಸು ಸುಳ್ಳು ಕೊಟ್ಟಿದ್ದೀರಿ ಅಂತ ಅದನ್ನೂ ವಾಪಸ್ ಕಳಿಸುತ್ತಾರೆ. ಹಲ್ಲಿನ ಬಿಲ್ಲಿಗಿಂತ ನನಗೆ ಹೆದರಿಕೆ ಇದರದ್ದೇ.

ನಮಗೂ ಬುದ್ಧಿ ಇರಬೇಕಿತ್ತು ಅನ್ನಿ. ನಮ್ಮಜ್ಜ ಎತ್ತು ತರಲು ಹೋದರೆ ಮೊದಲು ಕೈ ಹಾಕುವುದೇ ಬಾಯಿಗೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಎಲ್ಲ ಹಲ್ಲು ಬಂದು ಬಾಯಿಗೂಡಿದ್ದೋ, ಅದು ತಿಳಿದ ಮೇಲೆಯೇ ರೇಟಿನ ಮಾತು. ದನಕ್ಕಾದರೆ ಕೆಳಗಿನ ಬಾಚಿಹಲ್ಲು ನೋಡಿದರೆ ಮುಗಿಯಿತು, ಮೇಲೆ ಆ ಹಲ್ಲೇ ಇರುವುದಿಲ್ಲ. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅಂತಾರೆ. ಎಂಬತ್ತೈದು ಸಾವಿರ ಎಣಿಸಿ ಕೊಟ್ಟಿದ್ದಕ್ಕೆ ನೋಡಬಹುದಿತ್ತು, ಅಲ್ವಾ? ಅಜ್ಜನ ಮೊಮ್ಮಕ್ಕಳು ನಾವು ಸುಮ್ನೆ ಬಾಲ, ಬಣ್ಣ, ನಡಿಗೆ ನೋಡಿ, ರೀಲ್ಸ್ ಮಾಡಿ ಬಂದೆವು. ವ್ಯಾಪಾರಿಯ ಫೋನು ಈಗ ಸ್ವಿಚ್ ಆಫ್. ಬರೆದುಕೊಟ್ಟ ರಸೀದಿಯಲ್ಲಿ ವಯಸ್ಸಿನ ಸುದ್ದಿಯೇ ಇಲ್ಲ.

ಹಲ್ಲಿನ ಕ್ಲೇಮಿಗೆ ಹೋರಾಡೋಣ ಅಂತ ಅಕ್ಕನ ಮಗನಿಗೆ ಆಸೆ. ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ವಿಮಾ ಲೋಕಪಾಲರ ಕಚೇರಿ ಬೆಂಗಳೂರಿನಲ್ಲಿ ಇದೆ, ದೂರಿಗೆ ಶುಲ್ಕ ಇಲ್ಲ. ಮೊದಲು ಕಂಪನಿಗೆ ಬರೆಯಬೇಕು, ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಅಲ್ಲಿಗೆ ಹೋಗಬಹುದು. ಕಾರವಾರದಲ್ಲೇ ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಆದರೆ ಪಾಲಿಸಿಯಲ್ಲಿ ಇಲ್ಲದ್ದನ್ನು ಕೇಳಲು ಅಲ್ಲಿಯವರೆಗೆ ಹೋಗುವುದು ಬೇಡ ಅಂದೆ. ಬದಲಿಗೆ ಇಬ್ಬರೂ ಕೂತು ಕಂಪನಿಗೆ ಒಂದು ಪತ್ರ ಬರೆದೆವು. ಡಾಕ್ಟರು ಕೊಟ್ಟ ವಯಸ್ಸಿನ ವರದಿ ಲಗತ್ತಿಸಿದ್ದೇವೆ, ಪಾಲಿಸಿಯಲ್ಲಿ ವಯಸ್ಸು ತಿದ್ದಿ, ಬೆಲೆ ಕಡಿಮೆಯಾದರೆ ಆಗಲಿ, ಆವತ್ತಿನ ಆರೋಗ್ಯ ಸರ್ಟಿಫಿಕೇಟಿನ ನಕಲು ಕೊಡಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ಚೀಟಿ ಇಟ್ಟುಕೊಂಡಿದ್ದೇವೆ.

ಇವತ್ತಿಗೆ ಇಪ್ಪತ್ತೆರಡು ದಿನ. ಉತ್ತರ ಬಂದಿಲ್ಲ. ಅಲ್ಲಾಡುತ್ತಿದ್ದ ಹಲ್ಲು ಕಿತ್ತಾಯಿತು, ಉಳಿದವನ್ನು ಉಜ್ಜಿದ್ದಾಯಿತು. ಸವಾರಿ ಸದ್ಯಕ್ಕೆ ಬಂದ್. ಮೋತಿಗೆ ನೆನೆಸಿದ ಬೂಸಾ, ಬೇಯಿಸಿ ಮಿದ್ದ ಹುರುಳಿ. ನಿನ್ನೆ ಸಂಜೆ ಅಕ್ಕನ ಕೈಯಿಂದ ಎರಡು ಬಾಳೆಹಣ್ಣು ಸಿಪ್ಪೆ ಸಮೇತ ತಿಂದಿತು, ಒಂದು ಚೂರೂ ಉಗುಳಲಿಲ್ಲ.